ಭಾವನ ಬ್ಲೇಡ್, ಅಂಗಡಿಯ ಕ್ಯಾವಿಟಿ ಬ್ಯಾಕ್

ಪ್ರಶ್ನೆ: ನನಗೆ 52 ವರ್ಷ, ಗಾಲ್ಫ್ ಹಿಡಿದು ಮೂರು ವರ್ಷವಾಯಿತು, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ; ಕಡಿಮೆಯಾದಷ್ಟೂ ಆಟ ಮೇಲು) 24. ವಾರಕ್ಕೊಮ್ಮೆ ಖಾರ್ಘರ್‌ನ ಮೈದಾನಕ್ಕೆ ಹೋಗುತ್ತೇನೆ. ಪುಣೆಯಲ್ಲಿರುವ ಭಾವನವರು ತಾವು ಬಹುಕಾಲ ಆಡಿದ ಬ್ಲೇಡ್ ಐರನ್‌ಗಳ (ಬೆನ್ನು ಕೊರೆಯದ, ಉಕ್ಕಿನ ತಲೆಯ ಗಾಲ್ಫ್ ಕೋಲುಗಳ) ಸೆಟ್ ಕೊಟ್ಟು, ಇದರಲ್ಲಿ ಕಲಿತರೆ ಮಾತ್ರ ನಿಜವಾದ ಆಟ ಬರುತ್ತದೆ ಎನ್ನುತ್ತಾರೆ. ಅಂಗಡಿಯವರು ಕ್ಯಾವಿಟಿ ಬ್ಯಾಕ್, ಅಂದರೆ ಬೆನ್ನು ಕೊರೆದ ಐರನ್‌ಗಳನ್ನು ತೋರಿಸಿ, 7ನೇ ನಂಬರಿನಲ್ಲಿ ಚೆಂಡು 15 ಗಜ ಹೆಚ್ಚು ಹೋಗುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಚೆಂಬೂರು, ಮುಂಬಯಿ

ಉತ್ತರ: ಸದ್ಯಕ್ಕೆ ಕ್ಯಾವಿಟಿ ಬ್ಯಾಕ್ ಕೊಳ್ಳಿ. ಆದರೆ ಅಂಗಡಿಯವರು ಹೇಳಿದ ಕಾರಣಕ್ಕಾಗಿ ಅಲ್ಲ.

ಆ 15 ಗಜದ ಲೆಕ್ಕವನ್ನೇ ಮೊದಲು ನೋಡೋಣ. ಹಳೆಯ ಬ್ಲೇಡ್ ಸೆಟ್‌ನಲ್ಲಿ 7ನೇ ನಂಬರಿನ ಲಾಫ್ಟ್ (ಕೋಲಿನ ಮುಖ ಹಿಂದಕ್ಕೆ ವಾಲಿದ ಕೋನ; ನಂಬರು ಸಣ್ಣದಾದಂತೆ ಇದು ಕಡಿಮೆಯಾಗಿ ಚೆಂಡು ಹೆಚ್ಚು ದೂರ ಹೋಗುತ್ತದೆ) ಸುಮಾರು 35 ಡಿಗ್ರಿ ಇರುತ್ತಿತ್ತು; ಇಂದು ಹವ್ಯಾಸಿಗಳಿಗಾಗಿ ಮಾಡುವ ಹಲವು ಕ್ಯಾವಿಟಿ ಬ್ಯಾಕ್‌ಗಳಲ್ಲಿ ಅದೇ ನಂಬರಿಗೆ 30 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಲಾಫ್ಟ್ ಇರುತ್ತದೆ. ಅಂದರೆ ಭಾವನವರ 6ನೇ ನಂಬರಿನ ಮೇಲೆ 7 ಎಂದು ಬರೆದು ನಿಮಗೆ ತೋರಿಸಿದಂತೆಯೇ ಆಯಿತು. ಇದರಿಂದ ಇನ್ನೊಂದು ತೊಡಕೂ ಇದೆ: ಹೊಸ ಸೆಟ್‌ನ ಪಿಚಿಂಗ್ ವೆಜ್ (ವೆಜ್ ಎಂದರೆ ಹತ್ತಿರದ ಹೊಡೆತಕ್ಕೆ ಬಳಸುವ, ಲಾಫ್ಟ್ ಹೆಚ್ಚಿರುವ ಕೋಲು) 44 ಡಿಗ್ರಿಯ ಆಸುಪಾಸಿಗೆ ಇಳಿದಿದ್ದು, ನಿಮ್ಮ ಸ್ಯಾಂಡ್ ವೆಜ್ 56 ಆಗಿದ್ದರೆ, ನಡುವಿನ ದೂರಕ್ಕೆ ಕೈಗೆ ಏನೂ ಸಿಗುವುದಿಲ್ಲ. 50 ಡಿಗ್ರಿಯ ಒಂದು ವೆಜ್‌ಗೂ ಸೇರಿಸಿಯೇ ಬೆಲೆ ಕೇಳಿ.

ಕ್ಯಾವಿಟಿ ಬ್ಯಾಕ್‌ನ ನಿಜವಾದ ಗುಣ ಬೇರೆಯೇ ಇದೆ. ಕಾವಡಿಯ ಎರಡು ತುದಿಗೆ ಕೊಡ ಕಟ್ಟಿಕೊಂಡು ನಿಂತವನನ್ನು ಥಟ್ಟನೆ ತಿರುಗಿಸುವುದು ಕಷ್ಟ. ಅವೇ ಕೊಡಗಳನ್ನು ಎದೆಗೆ ಅವಚಿಕೊಂಡವನನ್ನು ಸಲೀಸಾಗಿ ತಿರುಗಿಸಬಹುದು. ತೂಕ ಎರಡರಲ್ಲೂ ಅಷ್ಟೇ. ಬ್ಲೇಡ್‌ನಲ್ಲಿ ಉಕ್ಕಿನ ತೂಕ ನಡುವಿಗೆ ಕೂಡಿಕೊಂಡಿರುತ್ತದೆ. ಕ್ಯಾವಿಟಿ ಬ್ಯಾಕ್‌ನಲ್ಲಿ ಬೆನ್ನನ್ನು ಕೊರೆದು, ಆ ತೂಕವನ್ನು ಅಂಚುಗಳಿಗೂ ತಳಕ್ಕೂ ಹಂಚಿರುತ್ತಾರೆ. ಆದ್ದರಿಂದ ಚೆಂಡು ಮುಖದ ತುದಿಯ ಕಡೆಗೋ ಹಿಮ್ಮಡಿಯ (ದಂಡಕ್ಕೆ ಹತ್ತಿರದ) ಕಡೆಗೋ ತಗುಲಿದಾಗ ಬ್ಲೇಡ್ ಹೊರಳಿದಷ್ಟು ಇದು ಹೊರಳುವುದಿಲ್ಲ, ದೂರವೂ ದಿಕ್ಕೂ ಅಷ್ಟಾಗಿ ಕೆಡುವುದಿಲ್ಲ. ಈ ಉಪಾಯವನ್ನು ಬಳಕೆಗೆ ತಂದವರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ ಮುಖ್ಯರು. ಮೊದಲು ಪಟರ್‌ನಲ್ಲಿ (ಚೆಂಡನ್ನು ಕುಳಿಗೆ ಉರುಳಿಸುವ ಕೋಲಿನಲ್ಲಿ) ಪ್ರಯೋಗಿಸಿ ಆಮೇಲೆ ಐರನ್‌ಗೆ ತಂದರು. 1982ರಲ್ಲಿ ಬಂದ ಅವರ ಪಿಂಗ್ ಐ2 ಐರನ್‌ಗಳು ಲೋಕಪ್ರಸಿದ್ಧವಾದವು.

ಭಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ಲೇಡ್‌ನ ನಟ್ಟನಡುವೆ ಚೆಂಡು ಕೂತಾಗ ಅಂಗೈಗೆ ಏನೂ ತಗುಲಿದಂತೆಯೇ ಅನಿಸುವುದಿಲ್ಲ. ತಪ್ಪಿದರೆ ಮೊಣಕೈವರೆಗೂ ಜುಮ್ಮೆನ್ನುತ್ತದೆ. ನುರಿತವರಿಗೆ ಈ ಸುದ್ದಿ ಬೇಕು. ಚೆಂಡನ್ನು ಎಡಕ್ಕೋ ಬಲಕ್ಕೋ ಬೇಕೆಂದೇ ಬಾಗಿಸುವವರಿಗೆ ಬ್ಲೇಡ್ ಒದಗುವಂತೆ ಇನ್ನೊಂದು ಒದಗದು. ಆದರೆ ಕೈ ಜುಮ್ಮೆಂದ ಮಾತ್ರಕ್ಕೆ ಸ್ವಿಂಗ್ ತಿದ್ದಿಕೊಳ್ಳುವುದಿಲ್ಲ. ನಾನೂ ಒಂದು ಕಾಲಕ್ಕೆ ಮೂರು ವರ್ಷ ಬ್ಲೇಡ್ ಹೊತ್ತು ತಿರುಗಿದವನು. ಕಲಿತದ್ದಕ್ಕಿಂತ ಹೆಚ್ಚಾಗಿ ಹೆದರಿ ಹೊಡೆಯುವುದನ್ನು ರೂಢಿ ಮಾಡಿಕೊಂಡೆ.

ಎಲ್ಲಿ ತಗುಲುತ್ತಿದೆ ಎಂದು ತಿಳಿಯಲು ನೋವು ತಿನ್ನಬೇಕಾಗಿಲ್ಲ. ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಮೇಲೆ ದಪ್ಪವಾದ ಒಂದು ಚುಕ್ಕೆ ಹಾಕಿ, ಆ ಚುಕ್ಕೆ ಕ್ಲಬ್‌ನ ಮುಖಕ್ಕೆ ಎದುರಾಗುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಮಸಿಯ ಗುರುತು ಮೂಡುತ್ತದೆ. ನೋಡಿ, ಒರೆಸಿ, ಮತ್ತೆ ಹೊಡೆಯಿರಿ. ಭಾವನವರ 7ನೇ ನಂಬರಿನಲ್ಲಿ ಹೀಗೆ 20 ಚೆಂಡು ಹೊಡೆದಾಗ 15 ಗುರುತುಗಳು 10 ರೂಪಾಯಿ ನಾಣ್ಯದ ಅಗಲದೊಳಗೆ ಬಿದ್ದರೆ ಹೊಸದನ್ನು ಕೊಳ್ಳಲೇಬೇಡಿ. 24ರ ಹ್ಯಾಂಡಿಕ್ಯಾಪ್‌ನಲ್ಲಿ ಅದು ಅಪರೂಪವೆಂದೇ ನನ್ನ ಎಣಿಕೆ.

ಕೊಳ್ಳುವುದಾದರೆ ಸೋಲ್, ಅಂದರೆ ತಳದ ಅಗಲವನ್ನು ಮರೆಯದೆ ನೋಡಿ. ಮಳೆಗಾಲದಲ್ಲಿಯೂ ಅದರ ಮರುತಿಂಗಳುಗಳಲ್ಲಿಯೂ ನಮ್ಮ ಕಡೆಯ ನೆಲ ಮೆತ್ತಗಿರುವಾಗ, ಅಗಲ ತಳ ಮಣ್ಣಿಗೆ ಹೂತುಕೊಳ್ಳದೆ ಜಾರಿ ಮುಂದೆ ಹೋಗುತ್ತದೆ, ಬ್ಲೇಡ್‌ನ ಸಪೂರ ತಳ ಅಗೆಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನೆಲ ಕಲ್ಲಿನಂತಾದಾಗ ಮಾತ್ರ ಅದೇ ಅಗಲ ತಳ ಪುಟಿದು, ಚೆಂಡಿನ ಹೊಟ್ಟೆಗೆ ತಗುಲುವುದುಂಟು. ಅತಿ ಅಗಲದ್ದು ಬೇಡ, ನಡುತರದ್ದನ್ನು ಆರಿಸಿ. ಶಾಫ್ಟ್, ಅಂದರೆ ಕೋಲಿನ ದಂಡದ ತೂಕವನ್ನೂ ಕೇಳಿ: ಹಳೆಯ ಸೆಟ್‌ಗಳ ಗಡಸು ಉಕ್ಕಿನ ಶಾಫ್ಟ್ 130 ಗ್ರಾಂವರೆಗೂ ತೂಗುತ್ತದೆ, ಅದಕ್ಕಿಂತ ಹಗುರವಾದುದು ನಿಮ್ಮ ವಯಸ್ಸಿಗೆ ಮೇಲು.

ಭಾವನವರ ಮನಸ್ಸು ನೋಯದಂತೆ 9ನೇ ನಂಬರನ್ನು ಅಭ್ಯಾಸಕ್ಕೆಂದು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಗಿಡ್ಡ ಐರನ್‌ಗಳಲ್ಲಿ ಬ್ಲೇಡ್ ಅಷ್ಟು ಕಾಡುವುದಿಲ್ಲ. ಮಿಕ್ಕವನ್ನು ಮನೆಯಲ್ಲಿ ಇಡುವಾಗ ಒಣಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ. ಅವು ಹೆಚ್ಚಾಗಿ ಮೆದು ಕಾರ್ಬನ್ ಉಕ್ಕಿನವು. ಚೆಂಬೂರಿನ ಗಾಳಿಗೆ ಕ್ರೋಮ್ ಎದ್ದ ಕಡೆಯೆಲ್ಲ ಒಂದೇ ಮಳೆಗಾಲದಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ.