86 ಡಿಗ್ರಿ ಎಂದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟಂತೆಯೇ?

ಪ್ರಶ್ನೆ: ನನ್ನ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡು ಎರಡು ವರ್ಷವಾಗಿದೆ. ಆಟ ಶುರುವಾದ ಅರ್ಧ ಗಂಟೆಗೆ ಚಿತ್ರ ತಡವರಿಸತೊಡಗುತ್ತದೆ. ಗ್ರಾಫಿಕ್ಸ್ ಕಾರ್ಡನ್ನು ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ತಂತ್ರಾಂಶ ಹಾಕಿ ನೋಡಿದಾಗ ಹತ್ತೇ ನಿಮಿಷದಲ್ಲಿ ಗ್ರಾಫಿಕ್ಸ್ ಕಾರ್ಡಿನ ತಾಪಮಾನ 86 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಕಾರ್ಡ್ ಹಾಳಾಗುತ್ತಿದೆಯೇ? ಇಂಥ ಪರೀಕ್ಷೆಯಿಂದಲೇ ಅದಕ್ಕೆ ಪೆಟ್ಟು ಬೀಳುವುದಿಲ್ಲವೇ?

ಉತ್ತರ: 86 ಎಂಬ ಅಂಕಿಯೊಂದನ್ನೇ ನೋಡಿ ಹಾಗೆ ತೀರ್ಮಾನಿಸಲಾಗದು. ಲ್ಯಾಪ್‌ಟಾಪಿನ ಅನೇಕ ಗ್ರಾಫಿಕ್ಸ್ ಚಿಪ್‌ಗಳಿಗೆ 87 ಡಿಗ್ರಿಯ ಆಸುಪಾಸಿನಲ್ಲಿ ಮಿತಿಯನ್ನು ನಿಗದಿಪಡಿಸಿರುತ್ತಾರೆ. ಆ ಗೆರೆ ಹತ್ತಿರವಾದೊಡನೆ ಚಿಪ್ ತಾನಾಗಿಯೇ ವೇಗವನ್ನು ತಗ್ಗಿಸಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಸುಸ್ಥಿತಿಯ ಯಂತ್ರವೂ ಧೂಳು ತುಂಬಿದ ಯಂತ್ರವೂ ಒಂದೇ 86 ಡಿಗ್ರಿಯನ್ನು ತೋರಿಸಬಹುದು. ಅಷ್ಟು ಬಿಸಿಯಲ್ಲಿ ಚಿಪ್ ಎಷ್ಟು ವ್ಯಾಟ್ ಬಳಸುತ್ತಿದೆ, ಎಷ್ಟು ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದೆ ಎಂಬುದೇ ನಿಜವಾದ ಪರೀಕ್ಷೆ.

ಫರ್‌ಮಾರ್ಕ್ ಗ್ರಾಫಿಕ್ಸ್ ಚಿಪ್ಪನ್ನು ಮಾತ್ರ ವಿಪರೀತವಾಗಿ ದುಡಿಸುತ್ತದೆ, ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಆಟದಲ್ಲಾದರೋ ಎರಡೂ ದುಡಿಯುತ್ತವೆ, ಮತ್ತು ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎರಡರ ಬಿಸಿಯನ್ನೂ ಅವೇ ತಾಮ್ರದ ಕೊಳವೆಗಳು ಹೊತ್ತೊಯ್ಯಬೇಕು. ಆದ್ದರಿಂದ ನಿಮಗೆ ತೊಂದರೆ ಕೊಡುವ ಆಟವನ್ನೇ ಅರ್ಧ ಗಂಟೆ ಆಡುತ್ತಾ, ತಾಪಮಾನ, ವ್ಯಾಟ್ ಮುಂತಾದವನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಲಾಗ್ (ಕ್ಷಣಕ್ಷಣದ ದಾಖಲೆ) ಬರೆಯಿಸುವುದು ನನ್ನ ಮಟ್ಟಿಗೆ ಹೆಚ್ಚು ವಿಶ್ವಾಸಾರ್ಹ. 3ಡಿಮಾರ್ಕ್ ಎಂಬ ಪರೀಕ್ಷಾ ತಂತ್ರಾಂಶದ ಸ್ಟ್ರೆಸ್ ಟೆಸ್ಟ್ ಕೂಡ ಆಗಬಹುದು. ಅದು ಒಂದೇ ದೃಶ್ಯವನ್ನು 20 ಸಲ ಓಡಿಸಿ, ಫ್ರೇಮ್‌ರೇಟ್‌ನ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯ) ಸ್ಥಿರತೆ ಶೇ. 97ಕ್ಕಿಂತ ಕಡಿಮೆಯಾದರೆ ಅನುತ್ತೀರ್ಣ ಎನ್ನುತ್ತದೆ. ಚಾರ್ಜರ್ ಹಾಕಿರಲಿ, ಲ್ಯಾಪ್‌ಟಾಪ್ ಗಟ್ಟಿ ಮೇಜಿನ ಮೇಲಿರಲಿ, ಕೋಣೆಯ ತಾಪಮಾನವನ್ನೂ ಬರೆದುಕೊಳ್ಳಿ, ಏಕೆಂದರೆ ಕೋಣೆ ಐದು ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರಲು ನೋಡುತ್ತದೆ.

ಲಾಗ್‌ನಲ್ಲಿ ಎರಡನೆಯ ನಿಮಿಷಕ್ಕೆ 110 ವ್ಯಾಟ್ ಇದ್ದದ್ದು ಇಪ್ಪತ್ತೈದನೆಯ ನಿಮಿಷಕ್ಕೆ 80ಕ್ಕೆ ಇಳಿದು, ತಾಪಮಾನ ಮಾತ್ರ 86ರಲ್ಲೇ ಅಂಟಿಕೊಂಡಿದೆ ಎಂದಿಟ್ಟುಕೊಳ್ಳಿ. ಆಗ ಕಾರ್ಡಿನ ದೋಷಕ್ಕಿಂತ ತಂಪಿನ ವ್ಯವಸ್ಥೆ ಸೋಲುತ್ತಿರುವುದೇ ಹೆಚ್ಚು ಸಂಭವ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ನಡುವಿನ ವಿದ್ಯುತ್ತಿನ ಹಂಚಿಕೆಯಿಂದಲೂ ವ್ಯಾಟ್ ಇಳಿಯಬಹುದಾದ್ದರಿಂದ, ಗ್ರಾಫಿಕ್ಸ್ ಚಿಪ್ಪಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶದಲ್ಲಿ ಪರ್ಫ್‌ಕ್ಯಾಪ್ ರೀಸನ್ (ವೇಗ ತಗ್ಗಿದ ಕಾರಣ) ಎಂಬ ಸಾಲು ಥರ್ಮಲ್ (ಬಿಸಿ) ಎಂದು ತೋರಿಸುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ನಂತರ ಲ್ಯಾಪ್‌ಟಾಪಿನ ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ವ್ಯಾಟ್ ಚೇತರಿಸಿಕೊಂಡರೆ ಕೆಳಗಿನಿಂದ ಗಾಳಿ ಸಾಲುತ್ತಿರಲಿಲ್ಲ ಎಂದರ್ಥ. ವ್ಯತ್ಯಾಸವೇ ಕಾಣದಿದ್ದರೆ ತಳದ ಮುಚ್ಚಳ ತೆಗೆಸಿ ನೋಡಬೇಕಾಗುತ್ತದೆ. ಎರಡು ವರ್ಷ ದುಡಿದ ಯಂತ್ರದಲ್ಲಿ ಫ್ಯಾನಿಗೂ ಲೋಹದ ತೆಳು ಪಟ್ಟಿಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ, ಹೊರಗಿನ ಜಾಲರಿಯಲ್ಲಿ ಇಣುಕಿದರೆ ಅದು ಕಾಣುವುದೇ ಇಲ್ಲ. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದುಕೊಳ್ಳುವುದು ಅಗತ್ಯ. ಹಾಟ್‌ಸ್ಪಾಟ್, ಅಂದರೆ ಚಿಪ್ಪಿನ ಅತಿ ಬಿಸಿಯಾದ ಜಾಗದ ತಾಪಮಾನವು ಸಾಮಾನ್ಯವಾಗಿ ಚಿಪ್ಪಿನ ತಾಪಮಾನಕ್ಕಿಂತ 10ರಿಂದ 15 ಡಿಗ್ರಿ ಹೆಚ್ಚಿರುತ್ತದೆ. ಅಂತರ ಅದಕ್ಕಿಂತ ಬಹಳ ಹಿಗ್ಗಿದ್ದರೆ ಚಿಪ್ಪಿನ ಬಿಸಿಯನ್ನು ತಂಪಿನ ವ್ಯವಸ್ಥೆಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುವ ಸಂಭವವಿದೆ, ಅದನ್ನೂ ಬದಲಿಸಲು ಹೇಳಿ.

ಪರೀಕ್ಷೆಯಿಂದ ಪೆಟ್ಟು ಬೀಳುವ ಭಯ ಬೇಡ, ಫ್ಯಾನುಗಳು ಸರಿಯಾಗಿ ತಿರುಗುತ್ತಿರುವವರೆಗೆ ಚಿಪ್ಪಿನ ಮಿತಿಯೇ ಅದನ್ನು ಕಾಯುತ್ತದೆ. ಫ್ಯಾನ್ ನಿಂತರೆ, ಅಥವಾ ಲ್ಯಾಪ್‌ಟಾಪ್ ತಾನೇ ಆರಿಹೋದರೆ, ಮತ್ತೆ ಪರೀಕ್ಷೆಗೆ ಕೂರಿಸದೆ ನೇರವಾಗಿ ದುರಸ್ತಿಗೆ ಕೊಡಿ.