ಸಂಪಾದಕರ ಉತ್ತರ: ಕೋಟೆಗಿಂತ ಮೊದಲು ಊರಿನ ಹೆಸರು

ಹಾಸನ ಜಿಲ್ಲೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಮಗ ಶಿಕಾಗೋದಲ್ಲಿದ್ದಾನೆ. ಸೊಸೆ ಐರಿಶ್ ಮೂಲದವಳು, ತವರಿನ ಹೆಸರು ಓಮ್ಯಾಲಿ. ಅವಳ ಮುತ್ತಜ್ಜನ ತಂದೆ 1849ರಲ್ಲಿ ಮೇಯೋ ಕೌಂಟಿಯಿಂದ ಹಡಗು ಹತ್ತಿದರೆಂದು ಅವರ ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಮುಂದಿನ ಮೇ ತಿಂಗಳಲ್ಲಿ ಒಂದು ವಾರ ಎಲ್ಲರೂ ಐರ್ಲೆಂಡಿಗೆ ಹೋಗಲಿದ್ದೇವೆ. ಹನ್ನೊಂದು ವರ್ಷದ ಮೊಮ್ಮಗಳಿಗೆ ಓಮ್ಯಾಲಿ ರಾಣಿಯ ಕೋಟೆ ನೋಡುವ ಆಸೆ. ಅದನ್ನು ಅವರ ಮೂಲ ಮನೆ ಎನ್ನಬಹುದೇ? ಇನ್ನೇನು ನೋಡಬೇಕು?"

ಮಾನ್ಯರೇ,

ಮೊಮ್ಮಗಳಿಗೆ ಕೋಟೆಯನ್ನು ಖಂಡಿತ ತೋರಿಸಿ. ಮೇಯೋದ ಕ್ಲೂ ಕೊಲ್ಲಿಯ ದಂಡೆಯಲ್ಲಿ ನೀರಿಗೆ ತಾಗಿ ನಿಂತ ರಾಕ್‌ಫ್ಲೀಟ್ ಗೋಪುರವು ಗ್ರೇಸ್ ಓಮ್ಯಾಲಿ ಎಂಬ ದಿಟ್ಟ ನಾಯಕಿಯದು. 1593ರಲ್ಲಿ ಹಡಗೇರಿ ಹೋಗಿ ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯನ್ನೇ ಕಂಡು ಮಾತನಾಡಿ ಬಂದವಳು ಅವಳು. ಆದರೆ ಅದು ತಮ್ಮ ಸೊಸೆಯ ಮೂಲ ಮನೆ ಎಂದು ಹೇಳಲು ಬರುವುದಿಲ್ಲ. ಆ ಸೀಮೆಯಲ್ಲಿ ಒಡೆಯನಿಗೂ ಅದೇ ಹೆಸರು, ಅವನ ನೆಲದಲ್ಲಿ ದುಡಿದವನಿಗೂ ಅದೇ ಹೆಸರು. ಡಬ್ಲಿನ್ನಿನ ಅಂಗಡಿಗಳಲ್ಲಿ 'ನಿಮ್ಮ ಮನೆತನದ ಲಾಂಛನ' ಎಂದು ಮಾರುವ ಫಲಕಗಳನ್ನೂ ನಂಬಬೇಡಿ. ಅಂಥ ಲಾಂಛನಗಳನ್ನು ಕೊಡುತ್ತಿದ್ದುದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶಸ್ಥರಿಗೆ, ಆ ಹೆಸರಿನವರೆಲ್ಲರಿಗೂ ಅಲ್ಲ. ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮದ ನಡುವೆ, 1849ರಲ್ಲಿ ಊರು ಬಿಟ್ಟು ಹಡಗು ಹತ್ತಿದ ಮನುಷ್ಯನ ಹಿಂದೆ ಕೋಟೆ ಇದ್ದಿರುವ ಸಂಭವ ಬಹಳ ಕಡಿಮೆ. ಅವನ ಹಿಂದೆ ಇದ್ದದ್ದು ಒಂದು ತುಂಡು ಗೇಣಿ ಭೂಮಿ ಮತ್ತು ನಾಲ್ಕು ಕಲ್ಲುಗೋಡೆ. ತಾವು ಹುಡುಕಬೇಕಾದದ್ದು ಅದನ್ನು.

ಅದಕ್ಕೆ ಬೇಕಾದದ್ದು 'ಟೌನ್‌ಲ್ಯಾಂಡ್' ಹೆಸರು. ಹೆಸರಿನಲ್ಲಿ ಟೌನ್ ಇದ್ದರೂ ಅದು ಪಟ್ಟಣವಲ್ಲ. ಅಲ್ಲಿನ ಭೂಮಿಯ ಅತಿ ಚಿಕ್ಕ ವಿಭಾಗ, ಹಲವೆಡೆ ನಮ್ಮ ಒಂದು ಹಟ್ಟಿಯಷ್ಟು. ಇಡೀ ದ್ವೀಪದಲ್ಲಿ ಇಂಥವು ಅರವತ್ತು ಸಾವಿರಕ್ಕೂ ಹೆಚ್ಚಿವೆ. 'ಬ್ಯಾಲಿ' ಎಂದು ಶುರುವಾಗುವ ಎಷ್ಟೋ ಹೆಸರುಗಳು ಊರು ಎಂಬ ಅರ್ಥದ ಅವರ ಪದದಿಂದ ಬಂದವು, ನಮ್ಮಲ್ಲಿ 'ಹಳ್ಳಿ' ಎಂದು ಮುಗಿಯುವ ಹಾಗೆ. ಬರೀ ಮೇಯೋ ಎಂದು ಹೋಗುವುದು, ಪೂರ್ವಿಕರು ಹಾಸನ ಜಿಲ್ಲೆಯವರು ಎಂದಷ್ಟೇ ತಿಳಿದು ಬೇಲೂರಿನ ಬಸ್ ನಿಲ್ದಾಣದಲ್ಲಿ ಇಳಿದ ಹಾಗೆ.

ಈ ಹುಡುಕಾಟ ಕಷ್ಟವಾಗುವುದಕ್ಕೆ ಒಂದು ದೊಡ್ಡ ಕಾರಣವಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿದ್ದ ಸರ್ಕಾರಿ ದಾಖಲೆಗಳ ಕಚೇರಿ ಸ್ಫೋಟಗೊಂಡು ಉರಿದುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳಲ್ಲಿ ಬಹುಪಾಲು ಅಲ್ಲೇ ಬೂದಿಯಾದವು. 1861ರಿಂದ 1891ರವರೆಗಿನ ಗಣತಿಗಳನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶ ಮಾಡಿತ್ತು. ಹಾಗೆಂದು ಕೈಚೆಲ್ಲಬೇಕಿಲ್ಲ. ತೆರಿಗೆ ನಿಗದಿಗಾಗಿ 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಮೌಲ್ಯಮಾಪನದ ಪಟ್ಟಿಗಳು ಉಳಿದಿವೆ. ನಮ್ಮ ಪಹಣಿಯನ್ನು ನೆನಪಿಸುವ ಆ ಪಟ್ಟಿಗಳಲ್ಲಿ ಯಾರ ಸ್ವಾಧೀನದಲ್ಲಿ ಯಾವ ಮನೆ, ಯಾವ ನೆಲ, ಒಡೆಯ ಯಾರು ಎಂಬುದೆಲ್ಲ ಇದೆ. ಮೇಯೋ ಭಾಗದ ಪಟ್ಟಿ 1849ಕ್ಕಿಂತ ಈಚಿನದಾದ್ದರಿಂದ ಹಡಗು ಹತ್ತಿದವರ ಹೆಸರು ಅದರಲ್ಲಿ ಸಿಗಲಾರದು, ಊರಿನಲ್ಲೇ ಉಳಿದ ಅಣ್ಣತಮ್ಮಂದಿರದು ಸಿಗಬಹುದು. ಹಡಗು ಹತ್ತಿದವರ ತಂದೆಯ ಹೆಸರಿಗೆ, ಚರ್ಚಿಗಾಗಿ ವಿಧಿಸುತ್ತಿದ್ದ ದಶಾಂಶ ತೆರಿಗೆಯ 1823ರಿಂದ 1837ರ ನಡುವಿನ ಪುಸ್ತಕಗಳನ್ನು ನೋಡಬೇಕು. ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನ ಮತ್ತು ಮದುವೆಯ ವಹಿಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ.

ಆದರೆ ಹುಡುಕಾಟ ಶುರುವಾಗಬೇಕಾದದ್ದು ಐರ್ಲೆಂಡಿನಲ್ಲಲ್ಲ, ಅಮೆರಿಕದಲ್ಲಿ. ಊರಿನ ಹೆಸರನ್ನು ವಲಸೆ ಹೋದವರು ತಮ್ಮ ಜೊತೆಗೇ ಒಯ್ದಿರುತ್ತಾರೆ. ಸಮಾಧಿಯ ಕಲ್ಲು, ಅಲ್ಲಿನ ಚರ್ಚಿನ ಮದುವೆಯ ವಹಿ, ಪೌರತ್ವದ ಕಾಗದ, ಹಳೆಯ ಪತ್ರ, ಯಾವುದರಲ್ಲಾದರೂ ಅದು ಇರಬಹುದು. ಬಾಸ್ಟನ್ ನಗರದ 'ಪೈಲಟ್' ಪತ್ರಿಕೆಯಲ್ಲಿ 1831ರಿಂದ 1921ರವರೆಗೆ, ಕಾಣೆಯಾದ ಬಂಧುಗಳನ್ನು ಹುಡುಕುವ ಸಾವಿರಾರು ಪ್ರಕಟಣೆಗಳು ಬಂದಿವೆ. ಅಣ್ಣ ಯಾವ ಪ್ಯಾರಿಷ್ಷಿನವನು (ಎಂದರೆ ಯಾವ ಚರ್ಚಿನ ವ್ಯಾಪ್ತಿಯವನು), ಯಾವ ಟೌನ್‌ಲ್ಯಾಂಡಿನವನು ಎಂಬ ವಿವರ ಎಷ್ಟೋ ಪ್ರಕಟಣೆಗಳಲ್ಲಿ ಇರುತ್ತದೆ. ಹೊರಡಲು ಇನ್ನೂ ತಿಂಗಳುಗಳಿವೆಯಾದ್ದರಿಂದ ಸೊಸೆಯವರು ಇದನ್ನು ಈಗಲೇ ಕೈಗೆತ್ತಿಕೊಳ್ಳಲಿ.

ಊರು ಗೊತ್ತಾದ ಮೇಲೆ 1901 ಮತ್ತು 1911ರ ಜನಗಣತಿಯ ಹಾಳೆಗಳನ್ನು ತೆರೆಯಿರಿ. ಅವು ಪೂರ್ತಿಯಾಗಿ ಉಳಿದಿವೆ, ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. 1911ರ ಹಾಳೆಯಲ್ಲಿ ಮದುವೆಯಾದ ಹೆಂಗಸರಿಗೆ ಕೇಳಿದ ಎರಡು ಪ್ರಶ್ನೆಗಳ ಅಂಕಣಗಳು ಅಕ್ಕಪಕ್ಕದಲ್ಲಿವೆ: ಜೀವಂತವಾಗಿ ಹುಟ್ಟಿದ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು. ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಓದುವಾಗ ಕೈ ತಾನಾಗಿ ನಿಲ್ಲುತ್ತದೆ. ಅಕ್ಷರ ಬಾರದ ಯಜಮಾನ ಕೆಳಗೆ ಹೆಬ್ಬೆಟ್ಟಿನ ಬದಲು ಒಂದು ಕತ್ತರಿ ಗುರುತು ಹಾಕಿರುತ್ತಾನೆ. 1901ರಿಂದ 1911ಕ್ಕೆ ಅಜ್ಜಿಯ ವಯಸ್ಸು ಹದಿನೈದು ವರ್ಷ ಏರಿದ್ದರೆ ಗಾಬರಿಯಾಗಬೇಡಿ. 1909ರಲ್ಲಿ ಎಪ್ಪತ್ತು ದಾಟಿದವರಿಗೆ ಪಿಂಚಣಿ ಬಂದ ಮೇಲೆ ಹೀಗೆ ಏರಿದ ವಯಸ್ಸುಗಳು ಬಹಳ. ಅದೇ ಪಿಂಚಣಿಗಾಗಿ ಹಳೆಯ ಗಣತಿಯಲ್ಲಿ ತಮ್ಮ ವಯಸ್ಸಿನ ಪುರಾವೆ ಹುಡುಕಿಸಲು ಜನ ಕೊಟ್ಟ ಅರ್ಜಿಗಳೂ ಉಳಿದಿವೆ, ಸುಟ್ಟುಹೋದ ಹಾಳೆಗಳ ಕೆಲವು ಸಾಲುಗಳು ಅವುಗಳಲ್ಲಿ ಬದುಕಿಕೊಂಡಿವೆ.

ನೋಡಬೇಕಾದ ಜಾಗಗಳನ್ನು ಕೇಳಿದ್ದೀರಿ. ದಕ್ಷಿಣದ ತುದಿಯ ಕೋವ್ ಬಂದರನ್ನು ಬಿಡಿ; ವಲಸೆ ಹೊರಟವರ ಬಂದರೆಂದು ಅದು ಪ್ರಸಿದ್ಧ, ಆದರೆ ದೂರ, ಮೇಲಾಗಿ ಆ ಕಾಲದ ಮೇಯೋ ಜನ ಹೆಚ್ಚಾಗಿ ಲಿವರ್‌ಪೂಲಿನ ಮೂಲಕವೋ ವೆಸ್ಟ್‌ಪೋರ್ಟಿನಂಥ ಹತ್ತಿರದ ಬಂದರಿನಿಂದಲೋ ಹೋದವರು. ಡಬ್ಲಿನ್ನಿನಿಂದ ಮೇಯೋಗೆ ಹೋಗುವ ದಾರಿಯಲ್ಲೇ ಸ್ಟ್ರೋಕ್ಸ್‌ಟೌನ್ ಸಿಗುತ್ತದೆ. ಅಲ್ಲಿನ ಜಮೀನ್ದಾರ ಡೆನಿಸ್ ಮೇಹನ್ 1847ರಲ್ಲಿ ತನ್ನ 1,490 ಗೇಣಿದಾರರನ್ನು ಕೆನಡಾಕ್ಕೆ ಸಾಗಹಾಕಿದ. ಅವರಲ್ಲಿ ಅನೇಕರು ಕ್ವಿಬೆಕ್ ಮುಟ್ಟಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅವನು ಗುಂಡೇಟಿಗೆ ಬಲಿಯಾದ. ಅವನ ಬಂಗಲೆಯ ಆವರಣದಲ್ಲೇ ಈಗ ರಾಷ್ಟ್ರೀಯ ಕ್ಷಾಮ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಡಬ್ಲಿನ್ನಿಗೆ ಆ ಜನ ನಡೆದ 165 ಕಿಲೋಮೀಟರ್ ದಾರಿಯುದ್ದಕ್ಕೂ ಅಲ್ಲಲ್ಲಿ ಮಕ್ಕಳ ಬೂಟುಗಳನ್ನು ಕಂಚಿನಲ್ಲಿ ಎರಕ ಹೊಯ್ದು ಇಟ್ಟಿದ್ದಾರೆ. ಮೊಮ್ಮಗಳಿಗೆ ಅದನ್ನು ತೋರಿಸಿ.

ಮೇಯೋದಲ್ಲಿ ಒಂದು ಇಡೀ ದಿನವನ್ನು ಅಕಿಲ್ ದ್ವೀಪದ ಸ್ಲೀವ್‌ಮೋರ್ ಬೆಟ್ಟಕ್ಕೆ ಮೀಸಲಿಡಿ. ಬೆಟ್ಟದ ಬುಡದಲ್ಲಿ ಸೂರಿಲ್ಲದ ಸುಮಾರು ನೂರು ಕಲ್ಲುಮನೆಗಳು ಸಾಲಾಗಿ ನಿಂತಿವೆ. ಒಂದೇ ಕೋಣೆ, ಗಾರೆಯಿಲ್ಲದೆ ಪೇರಿಸಿದ ಗೋಡೆ. ಮನೆಗಳಿಗಿಂತ ಹೆಚ್ಚಾಗಿ ತಾವು ನೋಡಬೇಕಾದದ್ದು ಅವುಗಳ ಸುತ್ತಲಿನ ಹುಲ್ಲನ್ನು: ಇಳಿಬಿಸಿಲು ಅಡ್ಡಲಾಗಿ ಬಿದ್ದಾಗ ಹುಲ್ಲಿನಡಿಯಲ್ಲಿ ಬೋದು, ಸಾಲು, ಮತ್ತೆ ಬೋದು ಎದ್ದು ಕಾಣುತ್ತವೆ. ಅವು ಆಲೂಗಡ್ಡೆಯ ಮಡಿಗಳು. ಆಲೂಗಡ್ಡೆ ಬೆಳೆಯುವ ಜಿಲ್ಲೆಯವರಾದ ತಮಗೆ ಅವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. 1845ರಿಂದ ಅಲ್ಲಿನ ಬೆಳೆಯನ್ನು ಕೊಳೆಸಿದ್ದು, ಮೋಡ ಕವಿದು ಜಿನುಗುವ ಮಳೆಯಲ್ಲಿ ಹಾಸನದ ಹೊಲಗಳನ್ನು ಇಂದಿಗೂ ಕಾಡುವ ಅದೇ ಅಂಗಮಾರಿ ರೋಗ. ವ್ಯತ್ಯಾಸವೆಂದರೆ ಅಲ್ಲಿನ ಬಡವರಿಗೆ ತಿನ್ನಲು ಬೇರೇನೂ ಇರಲಿಲ್ಲ, ಅವರು ಬೆಳೆದ ದವಸ ಗೇಣಿಗೆ ಹೋಗುತ್ತಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಮೇಯೋ ಒಂದರಲ್ಲೇ 1841ರಲ್ಲಿ ಸುಮಾರು 3.9 ಲಕ್ಷವಿದ್ದ ಜನಸಂಖ್ಯೆ 1851ಕ್ಕೆ ಸುಮಾರು 2.75 ಲಕ್ಷಕ್ಕೆ ಇಳಿಯಿತು.

ಡೂಲಾ ಸರೋವರದ ಕಣಿವೆಗೂ ಹೋಗಿ. 1849ರ ಮಾರ್ಚ್ ಕೊನೆಯಲ್ಲಿ, ಎಂದರೆ ಸೊಸೆಯವರ ಪೂರ್ವಿಕರು ಊರು ಬಿಟ್ಟ ವರ್ಷದಲ್ಲೇ, ಪರಿಹಾರ ಬೇಕಿದ್ದರೆ ಅಧಿಕಾರಿಗಳ ಮುಂದೆ ಹಾಜರಾಗಿ ಎಂಬ ಮಾತು ಕೇಳಿ ಲೂಯಿಸ್‌ಬರ್ಗ್‌ನಿಂದ ಹಸಿದ ಜನ ಆ ಕಣಿವೆಯಲ್ಲಿ ನಡೆದುಹೋದರು, ಬರಿಗೈಯಲ್ಲಿ ಮರಳುವಾಗ ದಾರಿಯಲ್ಲೇ ಪ್ರಾಣ ಬಿಟ್ಟರು. ರಸ್ತೆಯ ಪಕ್ಕದ ಕಲ್ಲಿನ ಶಿಲುಬೆಯೊಂದನ್ನು ಬಿಟ್ಟರೆ ಅಲ್ಲಿ ಕಟ್ಟಡವಿಲ್ಲ, ಟಿಕೆಟ್ ಇಲ್ಲ.

ಟೌನ್‌ಲ್ಯಾಂಡ್ ಸಿಕ್ಕರೆ ಉಳಿದೆಲ್ಲ ಜಾಗಗಳನ್ನು ಕಡಿಮೆ ಮಾಡಿಯಾದರೂ ಅಲ್ಲಿ ಒಂದು ಪೂರ್ತಿ ದಿನ ಕಳೆಯಿರಿ. ಅದು ಇಂದು ಯಾರದೋ ಹೊಲವಾಗಿರುತ್ತದೆ. ಹತ್ತಿರದ ಮನೆಯ ಬಾಗಿಲು ತಟ್ಟಿ, ಬಂದ ಕಾರಣ ಹೇಳಿ, ಅನುಮತಿ ಕೇಳಿ. ಕುರಿಗಳಿರುವುದರಿಂದ ದಾಟಿದ ಗೇಟನ್ನು ಮರಳಿ ಹಾಕಿ. ಊರು ಸಿಗದಿದ್ದರೆ ಬ್ಯಾಲಿನ್‌ರೋಬ್‌ನಲ್ಲಿ ದಕ್ಷಿಣ ಮೇಯೋದ, ಎನಿಸ್ಕೋದಲ್ಲಿ ಉತ್ತರ ಮೇಯೋದ ವಂಶಾವಳಿ ಕೇಂದ್ರಗಳಿವೆ. ಹೊರಡುವ ಮೊದಲೇ ಅವರಿಗೆ ಬರೆಯಿರಿ. ಓಮ್ಯಾಲಿಗಳು ಆ ಕೌಂಟಿಯಲ್ಲಿ ಬಹಳ ಇರುವುದರಿಂದ ಬೈಬಲ್ಲಿನಲ್ಲಿರುವ ಹೆಂಡತಿಯ ತವರಿನ ಹೆಸರನ್ನೂ ಮಕ್ಕಳ ಹೆಸರುಗಳನ್ನೂ ಬಿಡದೆ ನಕಲು ಮಾಡಿ ಕಳುಹಿಸಿ.

ಊರಿನ ಹೆಸರು ಪತ್ತೆಯಾದ ದಿನ ನಮಗೂ ಒಂದು ಸಾಲು ಬರೆದು ತಿಳಿಸಿ.

— ಸಂಪಾದಕ