ಸ್ಪೀಕರ್ ಬಾಕ್ಸ್‌ಗೆ ದಿಂಬಿನ ಹತ್ತಿ ತುರುಕಬೇಡಿ

ದಸರಾ ರಜೆ ಬಂತೆಂದರೆ ಮೈಸೂರಿನಲ್ಲಿ ಕೆಲವರಿಗೆ ಮನೆಯ ಸ್ಪೀಕರ್ ಬಿಚ್ಚುವ ಆಸೆ ಹುಟ್ಟುತ್ತದೆ. ರಜೆ ಮುಗಿದ ಮೇಲೆ ಅವು ನನ್ನ ರಿಪೇರಿ ಮೇಜಿಗೆ ಬರುತ್ತವೆ. ಈ ಸಲ ಬಿಚ್ಚುವ ಮೊದಲೇ ಕೇಳಿದ್ದೀರಿ, ಸಂತೋಷ.

ಪ್ರಶ್ನೆ: ಊಫರ್ (ತಗ್ಗು ಸ್ವರದ ದೊಡ್ಡ ಸ್ಪೀಕರ್) ಬಾಕ್ಸ್ ಒಳಗೆ ಹತ್ತಿ ತುಂಬಿದರೆ ಬೇಸ್, ಅಂದರೆ ತಗ್ಗು ಸ್ವರದ ಸದ್ದು, ಜಾಸ್ತಿಯಾಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನನ್ನದು ಹಿಂದೆ ತೂತಿರುವ ಬಾಕ್ಸ್. ಎಷ್ಟು ತುಂಬಬೇಕು? (ಮಂಡ್ಯದ ಓದುಗರು)

ತುಂಬಲೇಬೇಡಿ. ಇದೇ ಉತ್ತರವನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೋದ ತಿಂಗಳು ಒಂದು ಜೊತೆ ಬಾಕ್ಸ್ ಬಂತು. 'ಬೇಸೇ ಇಲ್ಲ ಸಾರ್' ಎಂದರು ತಂದವರು. ಸ್ಕ್ರೂ ಬಿಚ್ಚಿ ಊಫರ್ ಎತ್ತಿದರೆ ಒಳಗೆ ಇಡೀ ಒಂದು ಹಳೇ ದಿಂಬು! ಬೂರುಗದ ಹತ್ತಿ, ಬೀಜ ಸಮೇತ. ಮ್ಯಾಗ್ನೆಟ್‌ಗೆ ಒಂದು ಗುಂಡುಪಿನ್ನು ಅಂಟಿಕೊಂಡಿತ್ತು. ಹಿಂದಿನ ತೂತಿನಿಂದ ಒಂದು ಹಿಡಿ ಹತ್ತಿ ಹೊರಗೆ ಇಣುಕುತ್ತಿತ್ತು. ಬೇಸ್ ಎಲ್ಲಿಂದ ಬರಬೇಕು?

ಆ ತೂತು ಗಾಳಿ ಆಡಲಿ ಎಂದು ಬಿಟ್ಟ ಕಿಟಕಿಯಲ್ಲ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೂಂ ಅನ್ನುತ್ತದಲ್ಲ, ಅದೇ ಲೆಕ್ಕ. ಬಾಕ್ಸಿನ ಗಾಳಿ ಸ್ಪ್ರಿಂಗ್ ಇದ್ದಂತೆ. ತೂತಿನ ಹಿಂದಿರುವ ಕೊಳವೆಯ ಗಾಳಿ ಆ ಸ್ಪ್ರಿಂಗಿಗೆ ಕಟ್ಟಿದ ತೂಕ. ಎರಡೂ ಸೇರಿ ಒಂದು ಸ್ವರಕ್ಕೆ, 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಅದುರುವುದು) ಎಂದಿಟ್ಟುಕೊಳ್ಳಿ, ಜೋರಾಗಿ ತೂಗಾಡುತ್ತವೆ. ಆ ಸ್ವರದ ಹತ್ತಿರ ಊಫರ್ ಅಲ್ಲಾಡುವುದೇ ಕಮ್ಮಿ, ಸದ್ದೆಲ್ಲ ಕೊಳವೆಯದು. ಆಸ್ಟ್ರೇಲಿಯಾದ ನೆವಿಲ್ ತೀಲ್ 1961ರಲ್ಲೇ ಈ ಲೆಕ್ಕ ಬರೆದಿಟ್ಟರು, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದರು. ಬಾಕ್ಸ್ ಮಾಡುವವರು ಇವತ್ತಿಗೂ ಅದನ್ನೇ ಹಿಡಿದು ಕೊಳವೆಯ ಉದ್ದ ಕತ್ತರಿಸುತ್ತಾರೆ. ನೀವು ಅಲ್ಲಿಗೆ ಹತ್ತಿ ತುರುಕಿದರೆ ಗಾಳಿ ಓಡಾಡುವುದಿಲ್ಲ, ಕೊಳವೆಯ ಬಾಯಿ ಕಟ್ಟಿಹೋಗುತ್ತದೆ.

ಈ ಹತ್ತಿಯ ಕಥೆ ಹುಟ್ಟಿದ್ದು ತೂತಿಲ್ಲದ, ಪೂರ್ತಿ ಮುಚ್ಚಿದ ಬಾಕ್ಸ್‌ಗಳಿಂದ. ಅಲ್ಲಿ ಗಾಳಿ ಒತ್ತಿದಾಗ ಏರುವ ಬಿಸಿಯನ್ನು ನಾರು ಹೀರಿಕೊಳ್ಳುತ್ತದೆ. ಆಗ ಬಾಕ್ಸ್ ಇರುವುದಕ್ಕಿಂತ ಸ್ವಲ್ಪ ದೊಡ್ಡದಾದಂತೆ ನಡೆದುಕೊಳ್ಳುತ್ತದೆ. ಬೇಸ್ ಒಂದಿಷ್ಟು ಕೆಳಗಿನ ಸ್ವರದವರೆಗೆ ಇಳಿಯುತ್ತದೆ. ಅಷ್ಟೇ, ಜೋರಾಗುವುದಿಲ್ಲ.

ನಿಮ್ಮ ಬಾಕ್ಸಿನೊಳಗೆ ಏನೂ ಹಾಕಿಲ್ಲದಿದ್ದರೆ ಪಕ್ಕ ಮತ್ತು ಹಿಂದಿನ ಗೋಡೆಗೆ ಮಾತ್ರ ಒಂದಿಂಚು ದಪ್ಪಕ್ಕೆ ಪಾಲಿಯೆಸ್ಟರ್ ನಾರು ಅಂಟಿಸಿ. ಹಾಸಿಗೆ ಅಂಗಡಿಯಲ್ಲಿ ರೆಕ್ರಾನ್ ಎಂದರೆ ಕೊಡುತ್ತಾರೆ. ಕೊಳವೆಯ ಒಳಬಾಯಿಯ ಸುತ್ತ ನಾಲ್ಕು ಬೆರಳು ಖಾಲಿ ಬಿಡಿ. ಇದರಿಂದ ಡಬ್ಬದೊಳಗೆ ಮಾತಾಡಿದಂಥ ದನಿ ಕಮ್ಮಿಯಾಗುತ್ತದೆ, ಬೇಸ್ ಬರುತ್ತದೆ ಎಂದು ಕಾಯಬೇಡಿ. ಬಾಕ್ಸಿನೊಳಗೇ ಆಂಪ್ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಇದ್ದು ಕರೆಂಟ್ ವೈರ್ ಹೋಗಿದ್ದರೆ ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಶಾಕ್ ಹೊಡೆಯುತ್ತದೆ. ನನ್ನ ಎಡಗೈ ಹೆಬ್ಬೆರಳಿಗೆ ಅದು ಚೆನ್ನಾಗಿ ಗೊತ್ತು.

ಇಷ್ಟಕ್ಕೂ ನಿಮಗೆ ಬೇಕಾದದ್ದು ಬೇಸ್ ಅಲ್ವಾ? ಮೊದಲು ಒಂದು ಬಾಕ್ಸಿನ ವೈರಿನ ಪ್ಲಸ್ ಮೈನಸ್ ಉಲ್ಟಾ ಹಾಕಿ ಕೇಳಿ. ಎರಡರಲ್ಲಿ ಒಂದು ತಿರುಗುಮುರುಗಾಗಿದ್ದರೆ ಬೇಸ್ ಮಾಯವಾಗುತ್ತದೆ. ಆಮೇಲೆ ಬಾಕ್ಸ್ ಜರುಗಿಸಿ. ಗೋಡೆಯಿಂದ ಒಂದು ಮೀಟರ್ ಮುಂದಿದ್ದರೆ, ಗೋಡೆಗೆ ತಾಗಿ ವಾಪಸ್ ಬಂದ ಸದ್ದು 86 ಹರ್ಟ್ಸ್ ಆಸುಪಾಸಿನಲ್ಲಿ ಮುಂದೆ ಹೋಗುವ ಸದ್ದನ್ನೇ ಕಡಿದುಹಾಕುತ್ತದೆ. ಗೋಡೆಗೆ ಹತ್ತಿರ ತಂದರೆ ಬೇಸ್ ಏರುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ಏರಿ ಗುಂಯ್ ಎನ್ನಬಹುದು. ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ಬರೀ ಗೋಡೆಯಲ್ಲಂತೂ ಎಲ್ಲ ಸದ್ದೂ ಕುಣಿಯುತ್ತದೆ, ಒಂದು ಜಮಖಾನ ಹಾಸಿ. ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಇಟ್ಟಿದ್ದರೆ ಇವತ್ತೇ ಇಳಿಸಿ. ಬೇರೆ ಸಬ್‌ಊಫರ್ (ಬೇಸ್‌ಗೆಂದೇ ಇರುವ ಬಾಕ್ಸ್) ಇದ್ದರೆ ನೀವು ಕೂರುವ ಕುರ್ಚಿಯ ಮೇಲೆ ಅದನ್ನಿಟ್ಟು ಹಾಡು ಹಾಕಿ. ಗೋಡೆ ಪಕ್ಕದಲ್ಲೇ ಅಂಬೆಗಾಲಿಡುತ್ತಾ ಹೋಗಿ. ಬೇಸ್ ಎಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸುತ್ತದೋ ಅಲ್ಲಿ ಸಬ್‌ಊಫರ್ ಇಡಿ.

ಪ್ರಶ್ನೆ: ಟ್ವೀಟರಿನ (ಏರು ಸ್ವರದ ಪುಟ್ಟ ಸ್ಪೀಕರಿನ) 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದು 10 ಹಾಕಿದರೆ ಹಾಡು ಸ್ಪಷ್ಟವಾಗುತ್ತದಾ?

ಟ್ವೀಟರ್ ಸುಟ್ಟುಹೋಗಬಹುದು. 8 ಓಮ್ ಟ್ವೀಟರಿಗೆ 4.7 ಇದ್ದರೆ ಸುಮಾರು 4,200 ಹರ್ಟ್ಸ್‌ನಿಂದ ಕೆಳಗಿನದಕ್ಕೆ ತಡೆ ಇರುತ್ತದೆ. 10 ಹಾಕಿದರೆ ಆ ತಡೆ 2,000ಕ್ಕೆ ಇಳಿಯುತ್ತದೆ, ಊಫರ್ ಹೊರಬೇಕಾದ ಭಾರ ಪುಟ್ಟ ಟ್ವೀಟರಿನ ತಲೆಗೆ. ಹಳೇದು ಎಲೆಕ್ಟ್ರೋಲಿಟಿಕ್ (ಒಳಗೆ ದ್ರವ ಇರುವ ಬಗೆಯ) ಕೆಪಾಸಿಟರ್ ಆಗಿದ್ದು ಒಣಗಿದ್ದರೆ ಅದೇ ಅಳತೆಯ ಫಿಲ್ಮ್ ಕೆಪಾಸಿಟರ್ ಹಾಕಿ.

ಪ್ರಶ್ನೆ: ದುಬಾರಿ ಸ್ಪೀಕರ್ ಕೇಬಲ್ ತರಲಾ?

ಬೇಡ. 1.5 ಚದರ ಮಿಮೀ ತಾಮ್ರದ ವೈರ್, 5 ಮೀಟರ್ ದೂರಕ್ಕೆ ಹೋಗಿ ಬರುವುದು ಸೇರಿ ಸುಮಾರು 0.12 ಓಮ್. 8 ಓಮ್ ಸ್ಪೀಕರಿನ ಮುಂದೆ ಅದು ಯಾವ ಲೆಕ್ಕ?

ಪ್ರಶ್ನೆ: ಕೋನ್‌ಗೆ (ಸ್ಪೀಕರಿನ ಅದುರುವ ಬಟ್ಟಲಿಗೆ) ವಾರ್ನಿಷ್ ಬಳಿದು ಸೌಂಡ್ ಗಟ್ಟಿ ಮಾಡಿಕೊಡುತ್ತೇನೆ ಎನ್ನುವವರೊಬ್ಬರು ಸಿಕ್ಕಿದ್ದಾರೆ.

ಅವರಿಗೆ ನಿಮ್ಮ ಮನೆ ಬಾಗಿಲು ಕೊಡಿ, ಬಳಿಯಲಿ. ಕೋನ್ ಭಾರವಾದರೆ ಸದ್ದು ತಗ್ಗುತ್ತದೆ, ಏರುವುದಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ಮಡಕೆಗೆ ಸ್ಪೀಕರ್ ಕೂರಿಸುತ್ತಾರೆ. ಒಳ್ಳೆಯದಾ?

ನನಗೂ ಇಷ್ಟ. ಗುಂಡಗಿನ ಹೊರಮೈ ಒಳ್ಳೆಯದೇ. ಒಳಗೆ ಮಾತ್ರ ಎಲ್ಲ ದಿಕ್ಕಿಗೂ ಒಂದೇ ಅಳತೆ, ಅದಕ್ಕೇ ಒಂದೇ ಸ್ವರ ಮೊಳಗುತ್ತದೆ. ಒಂದು ಹಿಡಿ ನಾರು ಹಾಕಿ.

ಪ್ರಶ್ನೆ: ಊಫರ್ ಸುತ್ತಲಿನ ಫೋಮ್ ಪುಡಿಯಾಗಿದೆ. ನಾನೇ ಬದಲಿಸಬಹುದಾ?

ಧಾರಾಳವಾಗಿ. ಇದೊಂದು ಕೆಲಸಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅಳತೆಗೆ ಸರಿಯಾದ ರಬ್ಬರ್ ಅಥವಾ ಫೋಮ್ ರಿಂಗ್ ತನ್ನಿ, ಹಳೇ ಅಂಟು ಕೆರೆದು ತೆಗೆಯಿರಿ. ಹೊಸ ರಿಂಗನ್ನು ಮೊದಲು ಕೋನಿಗೆ ಅಂಟಿಸಿ. ಫ್ರೇಮಿಗೆ ಕೂರಿಸುವಾಗ ಎರಡೂ ಹೆಬ್ಬೆರಳಿನಿಂದ ಕೋನ್ ಮೆಲ್ಲಗೆ ಒತ್ತಿ ನೋಡಿ. ಕರಕರ ಎಂದರೆ ಕೋನ್ ಹಿಂದಿನ ಕಾಯಿಲ್ (ತಂತಿಯ ಸುರುಳಿ) ಮ್ಯಾಗ್ನೆಟ್‌ಗೆ ತಾಗುತ್ತಿದೆ, ಜರುಗಿಸಿ ಸರಿಮಾಡಿ. ಅಂಟು ಒಣಗಲು ಒಂದು ರಾತ್ರಿ ಬಿಡಿ. ನಾನು ಮೊದಲ ಸಲ ಮಾಡಿದಾಗ ತಡೆಯಲಾಗದೆ ಅವತ್ತೇ ಸಂಜೆ ಹಾಡು ಹಾಕಿದ್ದೆ. ಎರಡನೇ ಹಾಡಿಗೆ ರಿಂಗ್ ಎದ್ದುಬಂತು, ಮತ್ತೆ ಕೆರೆಯುತ್ತಾ ಕೂತೆ.